ಬ್ಯಾಟರಿ ಒಂದು, ಕೇಳುವವರು ನಾಲ್ಕು ಕಡೆ

ಪ್ರಶ್ನೆ: ನಾವು ಚಳ್ಳಕೆರೆ ಸೀಮೆಯವರು. ನಮ್ಮ ರೈತ ಉತ್ಪಾದಕರ ಕಂಪನಿಗೆ ಒಂದು ಶೇಂಗಾ ಎಣ್ಣೆ ಮಿಲ್ ಇದೆ. ಅದರ ಚಾವಣಿ ಮೇಲೆ 100 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಎರಡು ತೊಂದರೆ ಇದೆ. ಕರೆಂಟ್ ಹೋದರೆ ಸುಡುಬಿಸಿಲಲ್ಲೂ ಸೋಲಾರ್ ನಿಂತುಬಿಡುತ್ತದೆ. ಮಿಲ್ ರಜೆ ಇರುವ ಭಾನುವಾರ ಮಧ್ಯಾಹ್ನ ಇನ್ವರ್ಟರ್ 'ವೋಲ್ಟೇಜ್ ಜಾಸ್ತಿ' ಅಂತ ತೋರಿಸಿ ತಾನೇ ಟ್ರಿಪ್ ಆಗುತ್ತದೆ. ಈಗ 200 ಯೂನಿಟ್‌ನ ಬ್ಯಾಟರಿ ಹಾಕಿ ಮೈಕ್ರೋಗ್ರಿಡ್ (ಲೈನ್ ಹೋದರೂ ತಾನೇ ನಡೆಯುವ ಸಣ್ಣ ವಿದ್ಯುತ್ ಜಾಲ) ಮಾಡೋಣ, ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕುಡಿಯುವ ನೀರಿನ ಪಂಪಿಗೂ ಕೊಡೋಣ ಅಂತಿದ್ದೇವೆ. ಬ್ಯಾಟರಿ ಮಾರುವವರು 'ಸಾಫ್ಟ್‌ವೇರ್ ಎಲ್ಲ ನೋಡಿಕೊಳ್ಳುತ್ತೆ' ಅನ್ನುತ್ತಾರೆ. ಎಸ್ಕಾಂ ಎಂಜಿನಿಯರ್ 'ನಮ್ಮ ಲೈನ್ ಜೊತೆ ಹೇಗೆ ಹೊಂದಿಸ್ತೀರಿ ಅಂತ ಬರೆದುಕೊಡಿ' ಅನ್ನುತ್ತಾರೆ. ಏನು ಬರೆಯಬೇಕು?

ಉತ್ತರ: ಎಂಜಿನಿಯರ್ ಕೇಳಿದ್ದು ಸರಿಯಾಗೇ ಇದೆ. ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಅನ್ನುವ ಮಾತೂ ಸುಳ್ಳಲ್ಲ. ಆದರೆ ಯಾರ ಪರವಾಗಿ ನೋಡಿಕೊಳ್ಳಬೇಕು ಅಂತ ಅದಕ್ಕೆ ನೀವೇ ಹೇಳಿಕೊಡಬೇಕು. ನಿಮ್ಮ ಬ್ಯಾಟರಿಯನ್ನು ನಾಲ್ಕು ಕಡೆಯಿಂದ ಕೇಳುತ್ತಾರೆ. ಮಿಲ್‌ಗೆ ಬಿಲ್ ಕಡಿಮೆಯಾಗಬೇಕು. ಆಸ್ಪತ್ರೆಗೆ ಕರೆಂಟ್ ಹೋದ ಗಳಿಗೆಯಲ್ಲಿ ಬೇಕು. ಎಸ್ಕಾಂಗೆ ಸಂಜೆ ಹೊತ್ತು ಫೀಡರ್ (ಸ್ಟೇಷನ್ನಿನಿಂದ ಊರಿಗೆ ಬರುವ ಮುಖ್ಯ ಲೈನ್) ಮೇಲಿನ ಭಾರ ಇಳಿಯಬೇಕು. ನಿಮ್ಮದೇ ಸೋಲಾರ್‌ಗೆ ಮಧ್ಯಾಹ್ನ ಬ್ಯಾಟರಿಯಲ್ಲಿ ಜಾಗ ಬೇಕು. ಒಬ್ಬರಿಗೆ ಅದು ತುಂಬಿರಬೇಕು, ಇನ್ನೊಬ್ಬರಿಗೆ ಖಾಲಿ ಇರಬೇಕು. ಹೊಂದಾಣಿಕೆ ಅಂದರೆ ಈ ಜಗಳವನ್ನು ಮೊದಲೇ ಬಗೆಹರಿಸಿ ಕಾಗದದ ಮೇಲೆ ಇಡುವುದು. ಉಳಿದ ತಾಂತ್ರಿಕ ಸಂಗತಿಗಳೆಲ್ಲ ಅದರ ಬೆನ್ನಿಗೆ ಬರುತ್ತವೆ.

ಮೊದಲು ಸೋಲಾರ್ ಯಾಕೆ ನಿಲ್ಲುತ್ತದೆ ನೋಡೋಣ. ಈಗ ನಿಮ್ಮ ಬಳಿ ಇರುವುದು ಗ್ರಿಡ್ಡನ್ನು ಹಿಂಬಾಲಿಸುವ ಇನ್ವರ್ಟರ್. ಲೈನಿನಲ್ಲಿ ವೋಲ್ಟೇಜ್ ಇದ್ದರೆ ಅದನ್ನು ನೋಡಿಕೊಂಡು ತನ್ನ ಕರೆಂಟ್ ಸೇರಿಸುತ್ತದೆ. ಅದು ಕಾಣದಿದ್ದರೆ ಎರಡು ಸೆಕೆಂಡಿನೊಳಗೆ ನಿಲ್ಲಬೇಕು ಅನ್ನುವುದು ನಿಯಮ. ಇದು ಯಾರದೋ ಹಟ ಅಲ್ಲ. ಎಲ್‌ಸಿ (ಲೈನ್ ಬಂದ್ ಮಾಡಿಸಿದ ಅನುಮತಿ) ತಗೊಂಡು ಕಂಬ ಹತ್ತಿದ ಪವರ್‌ಮ್ಯಾನ್ ಕೈಯಲ್ಲಿರುವ ತಂತಿಗೆ ನಿಮ್ಮ ಚಾವಣಿಯಿಂದ ಕರೆಂಟ್ ಬಂದರೆ ಆತ ಉಳಿಯುವುದಿಲ್ಲ. ಸ್ಟೇಷನ್ನಿನಲ್ಲಿ ಬ್ರೇಕರ್ ತೆಗೆದಿದ್ದಾರೆ, ಆದರೆ ಕೆಳಗಿನ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ನಿಮ್ಮ 400 ವೋಲ್ಟನ್ನು ಹಿಮ್ಮುಖವಾಗಿ 11 ಸಾವಿರ ಮಾಡುತ್ತದೆ, ಅಷ್ಟೇ. ಹಾಗಾಗಿ ನಿಮ್ಮ ಮೈಕ್ರೋಗ್ರಿಡ್‌ಗೂ ಎಸ್ಕಾಂ ಲೈನಿಗೂ ಮಧ್ಯೆ, ಬಿಟ್ಟುಕೊಂಡದ್ದು ಹೊರಗಿನಿಂದಲೇ ಕಣ್ಣಿಗೆ ಕಾಣುವಂಥ, ಬೀಗ ಹಾಕಬಹುದಾದ ಒಂದು ಸ್ವಿಚ್ ಬೇಕೇ ಬೇಕು. ಬೀಗದ ಕೈ ಎಸ್ಕಾಂ ಹತ್ತಿರ ಇರಲಿ. ಬರೆದುಕೊಡುವ ಕಾಗದದಲ್ಲಿ ಮೊದಲ ಸಾಲು ಇದೇ ಆಗಿರಲಿ. ಅದನ್ನು ಓದಿದ ಮೇಲೆ ಎಂಜಿನಿಯರ್ ಮುಖ ಸ್ವಲ್ಪ ಸಡಿಲವಾಗುತ್ತದೆ, ನೋಡಿ.

ಈಗ ಭಾನುವಾರದ ತೊಂದರೆ. ನಿಮ್ಮ ಟಿಸಿ ಮೇಲಿನ ಪ್ಲೇಟ್ ಓದಿ. 11000/433 ವೋಲ್ಟ್ ಅಂತ ಇರುತ್ತದೆ. 433 ಅಂದರೆ ಒಂದು ಫೇಸಿಗೆ 250. ಮನೆಗೆ ಬರಬೇಕಾದದ್ದು 230, ಮತ್ತೆ ಯಾಕೆ 250? ಲೈನಿನ ಕೊನೆಯ ಮನೆ ತಲುಪುವಷ್ಟರಲ್ಲಿ ವೋಲ್ಟೇಜ್ ಬೀಳುತ್ತದೆ, ಮೊದಲೇ ಸ್ವಲ್ಪ ಏರಿಸಿ ಕಳಿಸೋಣ ಅಂತ ಹಿಂದಿನವರು ಹಾಕಿದ ಲೆಕ್ಕ ಅದು. ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತಿದ್ದ ಕಾಲಕ್ಕೆ ಸರಿಯಾಗಿತ್ತು. ಈಗ ನಿಮ್ಮ ಕಡೆಯಿಂದ ಹಿಂದಕ್ಕೆ ಹರಿಯುತ್ತಿದೆ, ಅಲ್ವಾ? ಟಿಸಿಯಿಂದ ಮಿಲ್‌ಗೆ 200 ಮೀಟರ್ ರ್‍ಯಾಬಿಟ್ ತಂತಿ (ಅಲ್ಯೂಮಿನಿಯಂ ತಂತಿಯ ಒಂದು ಅಳತೆ) ಇದೆ ಅಂತ ಇಟ್ಟುಕೊಳ್ಳಿ. ಅದರ ರೆಸಿಸ್ಟೆನ್ಸ್ ಕಿಲೋಮೀಟರಿಗೆ 0.54 ಓಮ್ ಆಸುಪಾಸು, ಅಂದರೆ ನಿಮ್ಮ ಪಾಲಿಗೆ ಸುಮಾರು 0.11. ಮಿಲ್ ಬಂದ್ ಇದ್ದು 90 ಕಿಲೋವ್ಯಾಟ್ ಪೂರ್ತಿ ಹೊರಗೆ ಹೋದರೆ ಒಂದು ಫೇಸಿನಲ್ಲಿ 130 ಆಂಪಿಯರ್. ಎರಡನ್ನೂ ಗುಣಿಸಿದರೆ 14 ವೋಲ್ಟ್ ಏರಿಕೆ. ಟಿಸಿ ಹತ್ತಿರ 240 ಇದ್ದರೆ ನಿಮ್ಮ ಪ್ಯಾನೆಲ್ಲಿನಲ್ಲಿ 254. 230ರ ಶೇ. 110 ದಾಟಿದರೆ, ಅಂದರೆ 253 ಆದಮೇಲೆ, ಇನ್ವರ್ಟರ್ ಬಿಟ್ಟುಕೊಳ್ಳಬೇಕು. ಟ್ರಿಪ್ ಆಗುವುದು ಹೀಗೆ. ಇನ್ವರ್ಟರ್ ಕೆಟ್ಟಿಲ್ಲ, ಲೈನಿಗೆ ಹಿಂದಕ್ಕೆ ಹೊರುವ ಅಭ್ಯಾಸ ಇಲ್ಲ.

ಬ್ಯಾಟರಿ ಹಾಕಿದರೆ ಇದು ತಾನಾಗೇ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಯಾವ ಸೂಚನೆಯೂ ಕೊಡದಿದ್ದರೆ ಬ್ಯಾಟರಿ ಬೆಳಗ್ಗೆ ಏಳೂವರೆಗೇ, ಬಿಸಿಲು ಬಿದ್ದ ಕೂಡಲೇ ಚಾರ್ಜ್ ಆಗಲು ಶುರು ಮಾಡುತ್ತದೆ. 200 ಯೂನಿಟ್ ಬ್ಯಾಟರಿಯಲ್ಲಿ ಮೇಲೆ ಕೆಳಗೆ ಹತ್ತು ಹತ್ತು ಪರ್ಸೆಂಟ್ ಬಿಟ್ಟರೆ ಬಳಸಲು ಸಿಗುವುದು 160. ಭಾನುವಾರ 11 ಗಂಟೆ ಹೊತ್ತಿಗೆ ಅದು ತುಂಬಿಹೋಗಿರುತ್ತದೆ. ಆಮೇಲೆ ನೆತ್ತಿಯ ಬಿಸಿಲು, 90 ಕಿಲೋವ್ಯಾಟ್, ಅದೇ 254 ವೋಲ್ಟ್, ಅದೇ ಟ್ರಿಪ್. ಬ್ಯಾಟರಿ ಇದ್ದೂ ಇಲ್ಲದ ಹಾಗೆ. ಅದರ ಬದಲು 11ರವರೆಗೆ ಸುಮ್ನೆ ಇರು, 11ರಿಂದ ಎರಡೂವರೆವರೆಗೆ 45 ಕಿಲೋವ್ಯಾಟ್‌ನಂತೆ ಎಳೆದುಕೋ ಅಂತ ಹೇಳಿದರೆ ಅಷ್ಟೇ 160 ಯೂನಿಟ್ ತುಂಬುತ್ತದೆ. ಲೈನಿಗೆ ಹೋಗುವುದು ಅರ್ಧವಾಗುತ್ತದೆ. ಏರಿಕೆ 14ರಿಂದ 7 ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿಯೂ ಅದೇ, ಬಿಸಿಲೂ ಅದೇ. ಬದಲಾಗಿದ್ದು ಹೊತ್ತು ಮಾತ್ರ.

ಇನ್ವರ್ಟರನ್ನು ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹಿಂದೆ ಮುಂದೆ ಓಡಾಡುವ ವಿದ್ಯುತ್) ಎಳೆಯುವಂತೆ ಸೆಟ್ ಮಾಡಿದರೂ ವೋಲ್ಟೇಜ್ ಸ್ವಲ್ಪ ತಗ್ಗುತ್ತದೆ. ಪವರ್ ಫ್ಯಾಕ್ಟರ್ (ಒಟ್ಟು ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲು) 0.9ಕ್ಕೆ ಇಟ್ಟರೆ ಏರಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಬಹುದು. ಆದರೆ ಆ ಹೊರೆ ಎಸ್ಕಾಂ ಫೀಡರ್ ಮೇಲೆ ಬೀಳುತ್ತದೆ. ಅವರನ್ನು ಕೇಳದೆ ಮಾಡಬೇಡಿ.

ಇನ್ನು ಹಂಚಿಕೆ. ಆರೋಗ್ಯ ಕೇಂದ್ರ, ನೀರಿನ ಪಂಪ್, ನಾಲ್ಕು ಬೀದಿ ದೀಪ ಸೇರಿ ಸರಾಸರಿ 15 ಕಿಲೋವ್ಯಾಟ್ ಅಂದುಕೊಳ್ಳೋಣ. ನಾಲ್ಕು ಗಂಟೆ ನಡೆಸಬೇಕಾದರೆ 60 ಯೂನಿಟ್. ಇದು ಮುಟ್ಟಬಾರದ ಭಾಗ. ಇದು ಸದಾ ತುಂಬಿರುವುದರಿಂದ ಭಾನುವಾರ ಮಧ್ಯಾಹ್ನ ತುಂಬಲು ಉಳಿಯುವ ಜಾಗ 160 ಅಲ್ಲ, 100. ಎಳೆದುಕೊಳ್ಳುವ ಕಿಲೋವ್ಯಾಟನ್ನೂ ಅದಕ್ಕೆ ತಕ್ಕಂತೆ ಇಳಿಸಿ. ಉಳಿದ 100 ಯೂನಿಟ್ ಸಂಜೆ ಮೂರು ಗಂಟೆ ಕಾಲ 33 ಕಿಲೋವ್ಯಾಟ್‌ನಂತೆ ಫೀಡರಿಗೋ ಮಿಲ್ಲಿಗೋ ಕೊಡಬಹುದು. ಒಳಗೆ ಹೋಗಿದ್ದೆಲ್ಲ ಹೊರಗೆ ಬರುವುದಿಲ್ಲ, 100 ಹಾಕಿದರೆ 85ರಿಂದ 90 ಸಿಗುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಆದರೆ ಈ 60 ಅನ್ನುವ ಗೆರೆ ವರ್ಷವಿಡೀ ಒಂದೇ ಕಡೆ ಇರಬೇಕಾಗಿಲ್ಲ. ನನ್ನ ಮಟ್ಟಿಗೆ ನಿಮ್ಮ ಯೋಜನೆಯ ಜೀವಾಳ ಇದು. ಫೆಬ್ರವರಿಯಿಂದ ಏಪ್ರಿಲ್ ನಡುವೆ ನಿಮ್ಮ ಕಡೆ ಲೈನ್ ಕೆಡುವುದು ಕಡಿಮೆ. ಆದರೆ ಕರ್ನಾಟಕದಲ್ಲಿ ಬೇಡಿಕೆ ನೆತ್ತಿಗೇರುವುದು ಆಗಲೇ. ಗಾಳಿ ವಿದ್ಯುತ್ತೂ ಆಗ ಮಂದ. ಸಂಜೆ ನಿಮ್ಮ ಒಂದೊಂದು ಯೂನಿಟ್ಟೂ ಎಸ್ಕಾಂಗೆ ಬೇಕು. ಆಗ ಗೆರೆ ಕೆಳಗಿಳಿಸಿ, 40 ಯೂನಿಟ್ ಇಟ್ಟುಕೊಂಡು ಉಳಿದದ್ದು ಕೊಡಿ. ಮೇ ತಿಂಗಳ ಗುಡುಗು ಮಳೆಗೆ ಕಂಬ ಮಗುಚುತ್ತವೆ, ಆಷಾಢದ ಗಾಳಿಗೆ ತಂತಿ ತಂತಿ ತಾಗುತ್ತವೆ. ಆಗ ಆಸ್ಪತ್ರೆಗೆ ಜಾಸ್ತಿ ಬೇಕು, ಗೆರೆ 100ಕ್ಕೆ ಏರಿಸಿ. ಎಸ್ಕಾಂ ಬೇಸರ ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಅದೇ ಆಷಾಢದ ಗಾಳಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಹಗಲು ರಾತ್ರಿ ತಿರುಗಿಸುತ್ತಿರುತ್ತದೆ. ನಿಮ್ಮ ಅಗತ್ಯ ಮತ್ತು ಅವರ ಅಗತ್ಯ ಬೇರೆ ಬೇರೆ ತಿಂಗಳಲ್ಲಿ ಬರುವುದು ನಿಮ್ಮ ಸೀಮೆಯ ಅದೃಷ್ಟ. ಮಲೆನಾಡಿನಲ್ಲಿ ಇದೇ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮರ ಬಿದ್ದು ಲೈನ್ ಹೋಗುವ ತಿಂಗಳಲ್ಲೇ ಬಿಸಿಲೂ ಇರುವುದಿಲ್ಲ.

ಕರೆಂಟ್ ಹೋದ ಮೇಲೆ ಏನಾಗಬೇಕು ಅನ್ನುವುದು ಮುಂದಿನ ವಿಷಯ. ಸ್ವಿಚ್ ತೆರೆದುಕೊಂಡು ನಿಮ್ಮ ಭಾಗ ದ್ವೀಪವಾಗುತ್ತದೆ. ಈಗ ಹಿಂಬಾಲಿಸಲು ಗ್ರಿಡ್ ಇಲ್ಲ. ಬ್ಯಾಟರಿಯ ಇನ್ವರ್ಟರೇ ವೋಲ್ಟೇಜ್, ಫ್ರೀಕ್ವೆನ್ಸಿ ಎರಡನ್ನೂ ಕಟ್ಟಿ ನಿಲ್ಲಿಸಬೇಕು. ಇಂಥದ್ದಕ್ಕೆ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ಅನ್ನುತ್ತಾರೆ. ಕೊಟೇಷನ್‌ನಲ್ಲಿ ಈ ಪದ ಇದೆಯಾ ನೋಡಿ. ಇಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಮೈಕ್ರೋಗ್ರಿಡ್ ಅಲ್ಲ, ಬಿಲ್ ಉಳಿಸುವ ಬ್ಯಾಟರಿ ಮಾತ್ರ. ಎರಡು ಇಂಥ ಇನ್ವರ್ಟರ್ ಇದ್ದರೆ ಒಂದು ನೊಗಕ್ಕೆ ಕಟ್ಟಿದ ಜೋಡಿ ಎತ್ತಿನಂತೆ, ಒಂದಕ್ಕೊಂದು ಮಾತಾಡದೆಯೂ ಭಾರ ಹಂಚಿಕೊಳ್ಳುತ್ತವೆ. ಭಾರ ಏರಿದಂತೆ ಎರಡೂ ಫ್ರೀಕ್ವೆನ್ಸಿಯನ್ನು ತುಸು ಇಳಿಸುತ್ತವೆ. ಶೇ. 2ರ ಇಳಿಜಾರು ಇಟ್ಟರೆ ಖಾಲಿ ಇದ್ದಾಗ 50 ಹರ್ಟ್ಜ್, ಪೂರ್ತಿ ಭಾರಕ್ಕೆ 49. ಒಂದು 100, ಇನ್ನೊಂದು 50 ಕಿಲೋವ್ಯಾಟ್‌ನದು ಇದ್ದು ಮೇಲೆ 75 ಬಿದ್ದರೆ, ಫ್ರೀಕ್ವೆನ್ಸಿ 49.5ಕ್ಕೆ ನಿಲ್ಲುತ್ತದೆ. ದೊಡ್ಡದು 50, ಸಣ್ಣದು 25 ಹೊತ್ತುಕೊಳ್ಳುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ, ಸಂದೇಶ ಕಳಿಸುವ ವೈರ್ ಕೂಡ ಬೇಡ. ಬ್ಯಾಟರಿ ತುಂಬಿ ಸೋಲಾರ್ ಜಾಸ್ತಿಯಾದಾಗ ಇದೇ ಉಪಾಯ ಉಲ್ಟಾ ನಡೆಯುತ್ತದೆ. ಬ್ಯಾಟರಿ ಇನ್ವರ್ಟರ್ ಫ್ರೀಕ್ವೆನ್ಸಿಯನ್ನು 50ರ ಮೇಲಕ್ಕೆ ಎತ್ತುತ್ತದೆ, ಸೋಲಾರ್ ಇನ್ವರ್ಟರ್ ಅದನ್ನು ನೋಡಿ ತಾನೇ ತಗ್ಗುತ್ತದೆ. ನಿಮ್ಮ ಹಳೆಯ ಸೋಲಾರ್ ಇನ್ವರ್ಟರಿಗೆ ಇದು ಬರುತ್ತದೋ ಇಲ್ಲವೋ ಕೇಳಿಕೊಳ್ಳಿ. ಬಾರದಿದ್ದರೆ ಅದು ತಗ್ಗುವ ಬದಲು ಪೂರ್ತಿ ನಿಂತುಹೋಗುತ್ತದೆ.

ಫ್ಯೂಸಿನ ವಿಷಯ ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಗ್ರಿಡ್ ಇರುವಾಗ ಎಲ್ಲಾದರೂ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗಿ ಫ್ಯೂಸ್ ಹಾರುತ್ತದೆ. ದ್ವೀಪದಲ್ಲಿ ಹಾಗಾಗುವುದಿಲ್ಲ. 100 ಕೆವಿಎ ಇನ್ವರ್ಟರಿನ ಪೂರ್ತಿ ಕರೆಂಟ್ 144 ಆಂಪಿಯರ್. ಶಾರ್ಟ್ ಆದರೂ ಅದು ಒಂದೂಕಾಲು, ಒಂದೂವರೆ ಪಟ್ಟಿಗಿಂತ ಜಾಸ್ತಿ ಕೊಡುವುದಿಲ್ಲ, ಒಳಗಿನ ಸಾಧನಗಳು ಸುಟ್ಟುಹೋಗಬಾರದಲ್ಲ. ಅಂದರೆ 180ರಿಂದ 216 ಆಂಪಿಯರ್. 200 ಆಂಪಿಯರ್ ಫ್ಯೂಸ್ ಅದಕ್ಕೆ ಬೇಗ ಹಾರುವುದಿಲ್ಲ. ತಂತಿ ನೆಲಕ್ಕೆ ಬಿದ್ದಿದೆ, ಕರೆಂಟ್ ಹರಿಯುತ್ತಲೇ ಇದೆ. ಬಹಳ ಅಪಾಯದ ಸ್ಥಿತಿ ಇದು. ಹಾಗಾಗಿ ದ್ವೀಪ ಸ್ಥಿತಿಗೆ ರಿಲೇಯಲ್ಲಿ (ದೋಷ ಕಂಡರೆ ಬ್ರೇಕರ್ ತೆಗೆಸುವ ಸಾಧನ) ಬೇರೆ ಸೆಟ್ಟಿಂಗ್ ಬೇಕು. ವೋಲ್ಟೇಜ್ ಕುಸಿದರೆ ಕಡಿಯುವಂಥದ್ದು, ಭೂಮಿಗೆ ಸೋರಿದರೆ ಕಡಿಯುವಂಥದ್ದು. ನ್ಯೂಟ್ರಲ್ ಅರ್ಥಿಂಗ್ (ನ್ಯೂಟ್ರಲ್ ತಂತಿಯನ್ನು ಭೂಮಿಗೆ ಜೋಡಿಸುವುದು) ಕೂಡ ದ್ವೀಪದೊಳಗೇ ಇರಬೇಕು. ಎಂಜಿನಿಯರ್ ಹೊಂದಾಣಿಕೆ ಅಂದಾಗ ಅವರ ತಲೆಯಲ್ಲಿ ಮುಖ್ಯವಾಗಿ ಇರುವುದು ಈ ರಿಲೇಗಳ ಹೊಂದಾಣಿಕೆಯೇ.

ಮೋಟಾರಿಗೂ ಇದೇ ಮಿತಿ ಅಡ್ಡ ಬರುತ್ತದೆ. ಏಳೂವರೆ ಎಚ್‌ಪಿ ನೀರಿನ ಪಂಪ್ 11 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಆರು ಪಟ್ಟು, 66. ಪರವಾಗಿಲ್ಲ. ಮಿಲ್ಲಿನ 30 ಎಚ್‌ಪಿ ಮೋಟಾರ್ ಸುಮಾರು 40 ಆಂಪಿಯರಿನದು, ನೇರ ಶುರು ಮಾಡಿದರೆ 240. ಇನ್ವರ್ಟರ್ ಕುಸಿದು ಆಸ್ಪತ್ರೆಯನ್ನೂ ಕತ್ತಲೆಗೆ ತಳ್ಳುತ್ತದೆ. ಮೋಟಾರನ್ನು ಕಡಿಮೆ ಕರೆಂಟಿನಲ್ಲಿ ಎಬ್ಬಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇದ್ದರೆ 80ರ ಹತ್ತಿರ ನಿಲ್ಲುತ್ತದೆ. ಇಲ್ಲವಾದರೆ ಕರೆಂಟ್ ಇಲ್ಲದಾಗ ಆ ಮೋಟಾರ್ ಮುಟ್ಟಬಾರದು ಅಂತ ಬೋರ್ಡ್ ಹಾಕುವ ಬದಲು ಕಾಂಟ್ಯಾಕ್ಟರ್ (ತಾನೇ ಕಡಿಯುವ ಸ್ವಿಚ್) ಹಾಕಿ ತಡೆದುಬಿಡಿ. ಬೋರ್ಡ್ ಯಾರೂ ಓದುವುದಿಲ್ಲ.

ಲೈನ್ ವಾಪಸ್ ಬಂದ ಕೂಡಲೇ ಸೇರಿಕೊಳ್ಳುವಂತಿಲ್ಲ. ಎರಡೂ ಕಡೆಯ ವೋಲ್ಟೇಜ್, ಫ್ರೀಕ್ವೆನ್ಸಿ, ಅಲೆಯ ಕೋನ ಹೊಂದಿದ ಮೇಲೆ ಸ್ವಿಚ್ ಮುಚ್ಚಬೇಕು. ಅದಕ್ಕೂ ಮೊದಲು ಸ್ವಲ್ಪ ಹೊತ್ತು ಕಾಯಬೇಕು. ಐಇಇಇ 1547 ಅನ್ನುವ ಅಮೆರಿಕದ ಮಾನದಂಡದಲ್ಲಿ ಇದು 5 ನಿಮಿಷ. ಯಾಕೆ ಕಾಯಬೇಕು? ಪವರ್ ಬಂದ ಕ್ಷಣ ಊರಿನ ಪಂಪು, ಫ್ರಿಜ್ಜು ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಅದರ ಮೇಲೆ ಖಾಲಿಯಾದ ಬ್ಯಾಟರಿಯೂ 'ನನಗೂ ಕೊಡು' ಅಂದರೆ ಫೀಡರ್ ಮತ್ತೆ ಹೋಗುತ್ತದೆ.

ನಿಮ್ಮದೊಂದೇ ಮೈಕ್ರೋಗ್ರಿಡ್ ಇದ್ದರೆ ಇಷ್ಟು ಸಾಕಿತ್ತು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿದಾಗ ಬೇರೆಯದೇ ರೋಗ ಶುರುವಾಗುತ್ತದೆ. ಜರ್ಮನಿಯಲ್ಲಿ ಹೀಗಾಯಿತು. ಫ್ರೀಕ್ವೆನ್ಸಿ 50.2 ಹರ್ಟ್ಜ್ ಮುಟ್ಟಿದರೆ ಬಿಟ್ಟುಕೊಳ್ಳಿ ಅಂತ ಚಾವಣಿ ಸೋಲಾರ್‌ಗಳಿಗೆ ನಿಯಮ ಇತ್ತು. ಸೋಲಾರ್ ಕಡಿಮೆ ಇದ್ದಾಗ ನಿಯಮ ಚೆನ್ನಾಗೇ ಇತ್ತು. ಸಾವಿರಾರು ಮೆಗಾವ್ಯಾಟ್ ಆದ ಮೇಲೆ ಎಲ್ಲವೂ ಒಂದೇ ಕ್ಷಣ ಬಿಟ್ಟುಕೊಂಡರೆ ಯುರೋಪಿನ ಗ್ರಿಡ್ಡೇ ಅಲುಗುತ್ತದೆ ಅಂತ ಅರಿವಾಯಿತು. 2012ರಲ್ಲಿ ಆದೇಶ ಹೊರಡಿಸಿ 3 ಲಕ್ಷಕ್ಕೂ ಹೆಚ್ಚು ಘಟಕಗಳ ಸೆಟ್ಟಿಂಗ್ ಬದಲಿಸಬೇಕಾಯಿತು. ನಮ್ಮಲ್ಲಿ ಇಂಥದ್ದು ದರದ ಬಾಗಿಲಿನಿಂದ ಬರಬಹುದು. ಸೋಲಾರ್ ಹೊತ್ತಿನಲ್ಲಿ ದರ ಕನಿಷ್ಠ ಶೇ. 20 ಕಡಿಮೆ, ಪೀಕ್ ಹೊತ್ತಿನಲ್ಲಿ ಜಾಸ್ತಿ ಇರಬೇಕು ಅಂತ ಕೇಂದ್ರದ 2023ರ ನಿಯಮ ಹೇಳುತ್ತದೆ. ಒಳ್ಳೆಯದೇ. ಆದರೆ ರಾತ್ರಿ ಹತ್ತಕ್ಕೆ ಪೀಕ್ ಮುಗಿಯಿತು ಅಂದರೆ ಹತ್ತು ಗಂಟೆ ಒಂದು ನಿಮಿಷಕ್ಕೆ ಫೀಡರಿನ ಬ್ಯಾಟರಿಗಳೆಲ್ಲ ಒಟ್ಟಿಗೆ ಚಾರ್ಜಿಗೆ ನಿಲ್ಲುತ್ತವೆ. ಹಳೆ ಪೀಕ್ ಹೋಗಿ ಹೊಸ ಪೀಕ್ ಹುಟ್ಟುತ್ತದೆ. ದರ ಒಂದನ್ನೇ ನಂಬಿ ಹೊಂದಾಣಿಕೆ ಮಾಡುತ್ತೇವೆ ಅನ್ನುವವರ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ದರದ ಜೊತೆ 'ಈ ಹೊತ್ತಿನಲ್ಲಿ ಇಷ್ಟು ಕಿಲೋವ್ಯಾಟ್‌ಗಿಂತ ಜಾಸ್ತಿ ಎಳೆಯುವುದಿಲ್ಲ, ಜಾಸ್ತಿ ತಳ್ಳುವುದಿಲ್ಲ' ಅನ್ನುವ ಮಿತಿಯೂ ಇರಬೇಕು.

ಈ ಮಿತಿಯನ್ನು ಎಸ್ಕಾಂ ಹೇಗೆ ಕೊಡುತ್ತದೆ? ನಮ್ಮ ದೇಶದಲ್ಲಿ ವಿದ್ಯುತ್ ಲೆಕ್ಕ ನಡೆಯುವುದು 15 ನಿಮಿಷದ ತುಂಡುಗಳಲ್ಲಿ, ದಿನಕ್ಕೆ 96. ಹಿಂದಿನ ದಿನ ನೀವು 96 ಅಂಕಿ ಕಳಿಸುತ್ತೀರಿ, ಯಾವ ಹೊತ್ತಿಗೆ ಎಷ್ಟು ಬೇಕು, ಎಷ್ಟು ಕೊಡಬಲ್ಲೆ ಅಂತ. ಅವರು ಫೀಡರ್ ನೋಡಿ ಕೆಲವನ್ನು ತಿದ್ದಿ ವಾಪಸ್ ಕಳಿಸುತ್ತಾರೆ. ನಿಮ್ಮ ಬ್ಯಾಟರಿ ಒಳಗಿನ ಲೆಕ್ಕ ಅವರಿಗೆ ಬೇಡ, ಅವರ ಫೀಡರಿನ ಪೂರ್ತಿ ನಕ್ಷೆ ನಿಮಗೆ ಬೇಡ. ಹಲವು ಮೈಕ್ರೋಗ್ರಿಡ್ ಇದ್ದರೆ ಹೀಗೆ ಅಂಕಿಗಳನ್ನು ಹಿಂದೆ ಮುಂದೆ ಕಳಿಸಿಕೊಂಡು ಎಲ್ಲರಿಗೂ ಒಪ್ಪುವ ಉತ್ತರಕ್ಕೆ ಬರುವ ಗಣಿತದ ವಿಧಾನಗಳು ಸಾಕಷ್ಟಿವೆ, ಅದನ್ನು ಕಂಪ್ಯೂಟರಿಗೆ ಬಿಡಿ. ನೀವು ಕೇಳಬೇಕಾದ್ದು ಒಂದೇ: ಮೊಬೈಲ್ ಸಿಗ್ನಲ್ ಹೋದರೆ ಏನಾಗುತ್ತದೆ? ಕೊನೆಗೆ ಬಂದ ಆದೇಶವನ್ನೇ ಹಿಡಿದು ಕೂತರೆ ಕೆಲಸ ಕೆಟ್ಟಿತು. ಕಾಲು ಗಂಟೆ ಸಂಪರ್ಕ ಇಲ್ಲದಿದ್ದರೆ ಮೊದಲೇ ಒಪ್ಪಿದ ಮಾಮೂಲಿ ವೇಳಾಪಟ್ಟಿಗೆ ಮರಳಬೇಕು. ಮಿಲಿಸೆಕೆಂಡಿನ ಕೆಲಸ ಇನ್ವರ್ಟರ್ ತನ್ನ ಜಾಗದಲ್ಲೇ ಮಾಡಲಿ, ದೂರದ ಸರ್ವರ್ ಮುಟ್ಟುವುದು ಕಾಲು ಗಂಟೆಯ ಕೆಲಸಗಳನ್ನು ಮಾತ್ರ.

ಗ್ರಿಡ್ ಜೊತೆ ಸಂಬಂಧ ಕಟ್ಟಿಕೊಳ್ಳದ ಮೈಕ್ರೋಗ್ರಿಡ್ ಏನಾಗುತ್ತದೆ ಅನ್ನುವುದಕ್ಕೆ ಬಿಹಾರದ ಧರನಯಿ ಇದೆ. 2014ರಲ್ಲಿ 100 ಕಿಲೋವ್ಯಾಟ್ ಸೋಲಾರ್, ಬ್ಯಾಟರಿ ಎಲ್ಲ ಹಾಕಿ ದೊಡ್ಡ ಸುದ್ದಿಯಾದ ಊರು. ಆಮೇಲೆ ಅಗ್ಗದ ಗ್ರಿಡ್ ಕರೆಂಟ್ ಬಂತು. ಜನ ಆ ಕಡೆ ವಾಲಿದರು. ಬ್ಯಾಟರಿ ಸತ್ತವು, ಕೆಲವೇ ವರ್ಷದಲ್ಲಿ ವ್ಯವಸ್ಥೆ ನಿಂತಿತು. ಉಲ್ಟಾ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾದ ಬೊರೆಗೊ ಸ್ಪ್ರಿಂಗ್ಸ್. ಮರುಭೂಮಿ ದಾಟಿ ಬರುವ ಒಂದೇ ಒಂದು ಲೈನಿನ ತುದಿಯ ಊರು. ಅಲ್ಲಿ ಮೈಕ್ರೋಗ್ರಿಡ್ ಕಟ್ಟಿದ್ದು ಅಲ್ಲಿನ ವಿದ್ಯುತ್ ಕಂಪನಿಯೇ. 2015ರ ಮೇ ತಿಂಗಳಲ್ಲಿ ಸಿಡಿಲಿನಿಂದ ಕೆಟ್ಟ ಲೈನಿನ ದುರಸ್ತಿಗೆ ಸಂಪರ್ಕ ತೆಗೆದಾಗ, ಪಕ್ಕದ 26 ಮೆಗಾವ್ಯಾಟ್ ಸೋಲಾರ್ ಘಟಕವನ್ನೂ ಸೇರಿಸಿಕೊಂಡು ಊರಿನ ಸುಮಾರು 2,800 ಗ್ರಾಹಕರಿಗೆ ಕರೆಂಟ್ ಮುಂದುವರಿಸಿದರು. ಗುಜರಾತಿನ ಮೊಢೇರಾದಲ್ಲಿ 2022ರಿಂದ 6 ಮೆಗಾವ್ಯಾಟ್ ಸೋಲಾರ್, 15 ಮೆಗಾವ್ಯಾಟ್ ಅವರ್ ಬ್ಯಾಟರಿ ಇದೆ. ಅದೂ ಗ್ರಿಡ್ ಜೊತೆಗೇ ಕೆಲಸ ಮಾಡುತ್ತದೆ.

ಕಾನೂನಿನ ಮಾತು ಒಂದಿಷ್ಟು. ಆಸ್ಪತ್ರೆಗೆ ಹೋಗುವ ತಂತಿ ಎಸ್ಕಾಂನದ್ದು. ಸರ್ಕಾರ ಗೊತ್ತುಪಡಿಸಿದ ಗ್ರಾಮೀಣ ಪ್ರದೇಶದಲ್ಲಿ ಉತ್ಪಾದಿಸಿ ಹಂಚುವವರಿಗೆ ಲೈಸೆನ್ಸ್ ಬೇಡ ಅಂತ 2003ರ ವಿದ್ಯುತ್ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅವರ ತಂತಿ ಬಳಸಲು ಅದು ಅನುಮತಿ ಆಗುವುದಿಲ್ಲ. ಆದ್ದರಿಂದ ಎಸ್ಕಾಂ ಇಲ್ಲಿ ಒಪ್ಪಿಗೆ ಕೊಡುವವರು ಮಾತ್ರವಲ್ಲ, ಒಪ್ಪಂದದ ಪಾಲುದಾರರೂ ಹೌದು. ಟಿಸಿಯ ಎಲ್‌ಟಿ (400 ವೋಲ್ಟಿನ) ಭಾಗ ಪೂರ್ತಿ ದ್ವೀಪದೊಳಗೆ ಬರುವುದಾದರೆ ಆ ಸ್ವಿಚ್ಚನ್ನು ಅವರೇ ಹಾಕಲಿ, ಖರ್ಚು ಹಂಚಿಕೊಳ್ಳಿ.

ಒಂದು ಅಡ್ಡಮಾತು. ಬ್ಯಾಟರಿಗಿಂತ ಅಗ್ಗದ ಶೇಖರಣೆ ನಿಮ್ಮ ಊರಲ್ಲೇ ಇದೆ, ಓವರ್‌ಹೆಡ್ ಟ್ಯಾಂಕ್. ನೀರಿನ ಪಂಪನ್ನು ಬೆಳಗ್ಗೆ ಆರಕ್ಕೆ ಓಡಿಸುವ ಬದಲು ಮಧ್ಯಾಹ್ನ 12ಕ್ಕೆ ಓಡಿಸಿ ಅಂತ ನೀರುಗಂಟಿಗೆ ಹೇಳಿ. ರಾಜ್ಯದಲ್ಲಿ 30 ಲಕ್ಷಕ್ಕೂ ಜಾಸ್ತಿ ಐಪಿ ಸೆಟ್ (ಕೃಷಿ ಪಂಪ್) ಇವೆ. ಅವಕ್ಕೆ ಹಗಲಲ್ಲೇ ತ್ರೀ ಫೇಸ್ ಕೊಟ್ಟರೆ ಸಿಗುವ ಹೊಂದಾಣಿಕೆಯನ್ನು ಯಾವ ಬ್ಯಾಟರಿಯೂ ಆ ಬೆಲೆಗೆ ಕೊಡುವುದಿಲ್ಲ.

ಎಂಜಿನಿಯರ್‌ಗೆ ಕೊಡುವ ಕಾಗದ ನಾಲ್ಕೈದು ಪುಟ ಸಾಕು. ಬೀಗದ ಸ್ವಿಚ್, ಎರಡೂ ಸ್ಥಿತಿಯ ರಿಲೇ ಸೆಟ್ಟಿಂಗ್, ತಿಂಗಳುವಾರು ಮೀಸಲು ಗೆರೆ, ಹೊತ್ತುಹೊತ್ತಿನ ಕಿಲೋವ್ಯಾಟ್ ಮಿತಿ, ಸಂಪರ್ಕ ಕಡಿದಾಗಿನ ವೇಳಾಪಟ್ಟಿ, ಮತ್ತು ಸಂಜೆ ಕೊಟ್ಟ ಯೂನಿಟ್ಟಿಗೆ ನಿಮಗೆ ಸಿಗುವ ದರ. ಈ ಕೊನೆಯದನ್ನು ಬಾಯಿಮಾತಿಗೆ ಬಿಡಬೇಡಿ.

ಮಾರುವವರಿಗೆ ಪೂರ್ತಿ ಹಣ ಕೊಡುವ ಮೊದಲು ಒಂದು ಮಧ್ಯಾಹ್ನ ಎಸ್ಕಾಂನವರನ್ನೂ ಕರೆದು ಪರೀಕ್ಷೆ ಮಾಡಿಸಿ. ಸ್ವಿಚ್ ತೆರೆಯಲಿ, ಆಸ್ಪತ್ರೆಯ ದೀಪ ಉಳಿಯಬೇಕು. ಆಮೇಲೆ ದ್ವೀಪವನ್ನೂ ಪೂರ್ತಿ ಆರಿಸಿ, ಕತ್ತಲೆಯಿಂದ ಬ್ಯಾಟರಿ ಒಂದೇ ಎದ್ದು ನಿಲ್ಲುತ್ತದಾ ನೋಡಿ. ನಂತರ ನೀರಿನ ಪಂಪ್ ಶುರು ಮಾಡಿಸಿ, ಕೊನೆಗೆ ಲೈನಿಗೆ ಮರಳಿ ಸೇರಿಸಿ. ಈ ಪರೀಕ್ಷೆ ಬೇಡ ಅನ್ನುವವರಿಗೆ ಕೊನೆಯ ಕಂತು ಕೊಡಬೇಡಿ.